ಒದ್ದೆ ಗೋಣಿಚೀಲ ಹಿಡಿದವಳ ತಕರಾರು

ಮೂರು ವರ್ಷದಿಂದ ನಾನು ಬೆಂಕಿಯಾಟದ ಜೊತೆಗಿದ್ದೇನೆ. ನಮ್ಮ ರಫೀಕ ಎಲ್ಲೆಲ್ಲಿ ಬೆಂಕಿ ತಿರುಗಿಸಿದ್ದಾನೋ ಅಲ್ಲೆಲ್ಲ ನಾನಿದ್ದೆ. ಅವನಿಂದ ಎರಡು ಮಾರು ದೂರದಲ್ಲಿ, ಅವನ ಎಡಗಡೆಗೆ. ಆದರೂ ಅವನ ಆಟವನ್ನು ನಾನು ಒಂದು ಸಲವೂ ನೋಡಿಲ್ಲ. ಈ ಮಾತು ಹೇಳಿದರೆ ಜನ ನಗುತ್ತಾರೆ. ಇದರಲ್ಲಿ ನಗುವಂಥದ್ದು ಏನಿದೆ, ನೀವೇ ಹೇಳಿ. ಮದುವೆಮನೆಯ ಒಲೆಯ ಮುಂದೆ ನಿಂತವರು ತಾಳಿ ಕಟ್ಟುವುದನ್ನು ನೋಡಿರುತ್ತಾರೆಯೆ? ಅವರನ್ನು ನೋಡಿ ಯಾರಾದರೂ ನಗುತ್ತಾರೆಯೆ?

ನನ್ನ ಕೆಲಸ ಇಷ್ಟು. ರಫೀಕನ ಎರಡೂ ಕೈಯಲ್ಲಿ ಒಂದೊಂದು ಸರಪಳಿ ಇರುತ್ತದೆ. ನಾಯಿ ಕಟ್ಟುವಂಥವು, ಕಬ್ಬಿಣದಂಗಡಿಯಲ್ಲಿ ತಂದವು. ಅವುಗಳ ತುದಿಗೆ ಹಳೆಯ ಹತ್ತಿ ಬಟ್ಟೆಯನ್ನು ತಂತಿಯಿಂದ ಬಿಗಿದು ಮಾಡಿದ ಗುಂಡು. ಅದನ್ನು ಚಿಮಣಿ ಎಣ್ಣೆಯಲ್ಲಿ ಅದ್ದಿ, ಚೆನ್ನಾಗಿ ಕೊಡವಿ, ಕಡ್ಡಿ ಗೀರಿ, ಅವನು ತಿರುಗಿಸತೊಡಗುತ್ತಾನೆ. ನಾನು ನೀರಲ್ಲಿ ನೆನೆಸಿದ ಗೋಣಿಚೀಲ ಹಿಡಿದು ನಿಂತಿರುತ್ತೇನೆ. ಅವನ ಅಂಗಿಗೋ ಕೂದಲಿಗೋ ಕಿಡಿ ಹತ್ತಿದರೆ ಓಡಿಹೋಗಿ ಚೀಲ ಸುತ್ತಿ ಒತ್ತಿ ಹಿಡಿಯಬೇಕು. ಆದ್ದರಿಂದ ನಾನು ಬೆಂಕಿಯನ್ನು ನೋಡುವಂತಿಲ್ಲ. ಬೆಂಕಿ ನೋಡಿದ ಕಣ್ಣಿಗೆ ಆಮೇಲೆ ಸ್ವಲ್ಪ ಹೊತ್ತು ಕತ್ತಲೆಯಲ್ಲಿ ಏನೂ ಕಾಣುವುದಿಲ್ಲ. ನಾನು ನೋಡಬೇಕಾದದ್ದು ಅವನ ತೋಳು, ಕೊರಳಪಟ್ಟಿ, ಕಿವಿಯ ಮೇಲಿನ ಕೂದಲು, ಪೈಜಾಮದ ಅಂಚು. ಎಲ್ಲರೂ ಬಾಯಿ ತೆರೆದು ಬೆಳಕಿನ ಬಳೆಗಳನ್ನು ನೋಡುವಾಗ ನಾನು ಒಬ್ಬ ಗಂಡಸಿನ ಅಂಗಿಯ ತೋಳನ್ನು ದಿಟ್ಟಿಸುತ್ತ ನಿಂತಿರುತ್ತೇನೆ. ನನ್ನ ದಿನಚರಿಯಲ್ಲಿ ಪ್ರತಿ ಆಟಕ್ಕೂ ಒಂದು ಪುಟವಿದೆ. ಗಾಳಿ ಯಾವ ಕಡೆಯಿಂದ ಇತ್ತು, ಚೀಲ ಎಷ್ಟು ಹೊತ್ತು ನೆನೆದಿತ್ತು, ಎಲ್ಲ ಬರೆದಿದ್ದೇನೆ. ಬೆಂಕಿ ಹೇಗಿತ್ತು ಎಂಬುದಕ್ಕೆ ಒಂದು ಸಾಲೂ ಇಲ್ಲ. ಊರಿನವರೆಲ್ಲ ವಾರಗಟ್ಟಲೆ ಹೊಗಳಿದ ಒಂದು ಸಂಜೆಯ ಬಗ್ಗೆ ನಾನು ಬರೆದದ್ದು, "ಎಡ ತೋಳಿನ ಹೊಲಿಗೆ ಬಿಚ್ಚಿದೆ, ಹಾಕಿಸಬೇಕು" ಎಂದು.

ಇನ್ನು ಆ ಚೀಲ. ಈಗ ಗೋಣಿಚೀಲ ಸಿಗುವುದು ಸುಲಭವೆಂದು ತಿಳಿಯಬೇಡಿ. ಅಕ್ಕಿ, ಸಕ್ಕರೆ, ಗೊಬ್ಬರ, ಸಿಮೆಂಟು, ಎಲ್ಲ ಪ್ಲಾಸ್ಟಿಕ್ ಚೀಲದಲ್ಲೇ ಬರುತ್ತವೆ. ಪ್ಲಾಸ್ಟಿಕ್ ಚೀಲ ಹಿಡಿದು ಬೆಂಕಿ ಆರಿಸಲು ಹೋಗುವುದೂ ಒಂದೇ, ಎಣ್ಣೆ ಸುರಿಯುವುದೂ ಒಂದೇ. ನನ್ನದು ಹುಲಿಹೈದರ ಎಂಬ ಊರಿನಲ್ಲಿರುವ ನಮ್ಮ ಅಜ್ಜಿ ಕೊಟ್ಟದ್ದು. ಬೇಸಗೆಯಲ್ಲಿ ನೀರಿನ ಹರವಿ ತಣ್ಣಗಿರಲೆಂದು ಅವಳು ಅದಕ್ಕೆ ಒದ್ದೆ ಚೀಲ ಸುತ್ತುತ್ತಿದ್ದಳು. ಒಂದು ಜೀವಮಾನ ನೀರಿನ ಸೇವೆ ಮಾಡಿ ಈಗ ಬೆಂಕಿಯ ಕೆಲಸಕ್ಕೆ ಸೇರಿಕೊಂಡಿದೆ. ನಮ್ಮ ಅವ್ವನಿಗೆ ಅದನ್ನು ಕಂಡರಾಗದು. ಒಗೆದ ಬಟ್ಟೆಯ ಸಾಲಿನಲ್ಲಿ ಅದು ಒಣಗುವುದನ್ನು ನೋಡಿ, "ಗಣಿತ ಕಲಿಸೋ ಟೀಚರ್ ಮನಿ ಮುಂದ ಹಮಾಲರ ಚೀಲ" ಎಂದು ಬೇಸರಪಡುತ್ತಾಳೆ.

ಈ ಬೆಂಕಿಯಾಟಕ್ಕೆ ನಾನು ಸೇರಿದ್ದು ಅನ್ನಕ್ಕನ ಮಾಳಿಗೆಯ ಮೇಲೆ. ಅನ್ನಕ್ಕ ಎಂದರೆ ಅನ್ನಪೂರ್ಣಾ. ಕುಷ್ಟಗಿಯವರು, ಕೊಪ್ಪಳದಲ್ಲಿ ಚಿತ್ರಕಲೆಯ ಶಿಕ್ಷಕಿ, ನಮಗೆಲ್ಲ ಹಿರಿಯರು. ಭಾನುವಾರ ಸಂಜೆ ಅವರ ಬಾಡಿಗೆ ಮನೆಯ ಮಾಳಿಗೆಯಲ್ಲಿ ಊರಿನ ಬರೆಯುವ, ಬಾರಿಸುವ, ಬಣ್ಣ ಹಚ್ಚುವ ಮಂದಿಯೆಲ್ಲ ಸೇರುತ್ತಾರೆ. ಒಗ್ಗರಣೆ ಮಂಡಕ್ಕಿ, ಮಿರ್ಚಿ, ಆಮೇಲೆ ಕಲೆ. ಬಂದುಹೋಗುವವರು ಬಹಳ, ಒಂದು ವಾರವೂ ತಪ್ಪದವರು ನಾಲ್ಕೇ ಜನ. ಅನ್ನಕ್ಕ, ನಾನು, ಹಲಗೆ ಬಾರಿಸುವ ವೀರೇಶ, ಮತ್ತು ರಫೀಕ. ವೀರೇಶನದು ಮೊಬೈಲ್ ರಿಪೇರಿ ಅಂಗಡಿ. ರಫೀಕ ತನ್ನ ಮಾಮಾನ ಕುಶನ್ ಅಂಗಡಿಯಲ್ಲಿ ಗಾಡಿಗಳ ಸೀಟಿಗೆ ಕವರು ಹೊಲಿಯುತ್ತಾನೆ. ಮೊದಲು ಸಾಣಾಪುರದ ಕೆರೆಯ ದಂಡೆಯ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದ. ಅಲ್ಲಿಗೆ ಬಂದ ಪರದೇಶದವರು ಬೆಂಕಿ ತಿರುಗಿಸುವುದನ್ನು ಕಂಡು, ಹರಕು ಕಾಲುಚೀಲಕ್ಕೆ ಜೋಳ ತುಂಬಿ ಸರಪಳಿಗೆ ಕಟ್ಟಿ, ನಮ್ಮ ಮಾಳಿಗೆಯ ಮೇಲೆ ತಾಲೀಮು ಮಾಡಿದ. ಕಾಲುಚೀಲದ ತೂತಿನಿಂದ ಜೋಳ ಸಿಡಿದು, ಮರುದಿನ ಬೆಳಿಗ್ಗೆ ಅನ್ನಕ್ಕನ ಮಾಳಿಗೆ ತುಂಬ ಪಾರಿವಾಳಗಳ ಸಂತೆ ಕೂಡುತ್ತಿತ್ತು.

ನಮ್ಮ ಮಾಳಿಗೆಗೆ ಅದರದೇ ಆದ ಪದ್ಧತಿಗಳಿವೆ. ತಡವಾಗಿ ಬಂದವರು ಎಲ್ಲರಿಗೂ "ಹುಜೂರ್, ಗುಲಾಮ ಬಂದೀನ್ರಿ" ಎಂದು ಸಲಾಮು ಮಾಡಿ ಕೂರಬೇಕು. ಯಾರದಾದರೂ ಚಿತ್ರ ಮಾರಾಟವಾದರೆ ಎಲ್ಲರೂ ಬಸ್ ನಿಲ್ದಾಣಕ್ಕೆ ಹೋಗಿ ಅದನ್ನು ಬೀಳ್ಕೊಡಬೇಕು. ಅನ್ನಕ್ಕನ ಒಂದು ಚಿತ್ರ ಯಲಬುರ್ಗಾದ ವೈದ್ಯರೊಬ್ಬರ ಮನೆಗೆ ಹೊರಟಾಗ ನಾವು ನಾಲ್ವರೂ ಬಸ್ಸು ಕಣ್ಮರೆಯಾಗುವವರೆಗೆ ಟವೆಲ್ ಬೀಸಿದೆವು. ಕಂಡಕ್ಟರು, ಒಳಗೆ ಯಾರೋ ಹೊಸ ಮದುಮಗಳಿರಬೇಕೆಂದು ಸೀಟುಗಳಲ್ಲಿ ಹುಡುಕಿದನಂತೆ.

ಇವೆಲ್ಲ ನಡೆದುಹೋಗುತ್ತವೆ, ನಾನು ತಕರಾರು ಮಾಡುವವಳಲ್ಲ. ನನ್ನ ತಕರಾರು ಇರುವುದು ಬೈಗುಳದ ಪದ್ಧತಿಯ ಮೇಲೆ.

ಅದು ಹುಟ್ಟಿದ್ದು ಹೀಗೆ. ರಫೀಕ ಮೊದಲ ಸಲ ನಿಜವಾದ ಬೆಂಕಿ ಹಚ್ಚುವ ದಿನ ಅನ್ನಕ್ಕ ಅವನನ್ನು ಬಾಯ್ತುಂಬ ಹೊಗಳಿದರು. ಹೊಗಳಿ ಮುಗಿಸುವಷ್ಟರಲ್ಲಿ ಸರಪಳಿಯ ಕೊಂಡಿ ಕಳಚಿ ಗುಂಡು ಹಾರಿ ನೀರಿನ ಟಾಕಿಯೊಳಗೆ ಬಿತ್ತು. ನದರಾಯಿತು, ಹೊಗಳಿದ್ದಕ್ಕೇ ದೃಷ್ಟಿ ತಾಗಿತು ಎಂದು ತೀರ್ಮಾನವಾಯಿತು. ಕೊಂಡಿಗೆ ತುಕ್ಕು ಹಿಡಿದಿತ್ತು ಎಂದು ನಾನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಂದಿನಿಂದ ಕಡ್ಡಿ ಗೀರುವ ಮೊದಲು ಹೊಗಳುವಂತಿಲ್ಲ; ಮೂವರೂ ಅವನಿಗೆ ಒಂದೊಂದು ವಾಕ್ಯ ಬೈಯಬೇಕು. ಬೈಗುಳ ಹೊಸದಿರಬೇಕು, ಒಂದೇ ವಾಕ್ಯದ್ದಿರಬೇಕು, ಹಿಂದೆ ಬೈದದ್ದನ್ನು ಮತ್ತೆ ಬೈಯಬಾರದು. "ನೀ ಕುಣಿಯೂದು ನೋಡಿದ್ರ ಮೈಮ್ಯಾಗ ಇರಬಿ ಬಿಟ್ಟಂಗ ಕಾಣತೈತಿ" ಎಂದು ವೀರೇಶ. "ನಿನ್ನ ಚಿತ್ರ ತಗೀಬೇಕಂತ ಕುಂತ್ರ ನನ್ನ ಬ್ರಷ್ ಆಕಳಸತೈತಿ" ಎಂದು ಅನ್ನಕ್ಕ. "ಕರೆಂಟ್ ಹೋದಾಗ ಹಚ್ಚೋ ಮೊಂಬತ್ತಿ ನಿನಗಿಂತ ಛಲೋ ಕುಣಿತೈತಿ" ಎಂದು ನಾನು. ಬೈಗುಳ ಮರುಕಳಿಸದಂತೆ ಲೆಕ್ಕ ಇಡುವ ಕೆಲಸ ಯಾರಿಗೆ ಬಿತ್ತೆಂದು ನೀವು ಊಹಿಸಿರುತ್ತೀರಿ. ಅದಕ್ಕೇ ನನಗೆ ಅಲ್ಲಿ ದಫೇದಾರ ಎಂದು ಹೆಸರು. ನಿಜಾಮರ ಕಾಲದ ಹುದ್ದೆಗಳೆಲ್ಲ ಹೋದವು. ಲೆಕ್ಕ ಹಿಡಿದು ದಬಾಯಿಸುವವರಿಗೆ ಆ ಹೆಸರು ಮಾತ್ರ ನಮ್ಮ ಕಡೆ ಉಳಿದುಕೊಂಡಿದೆ.

ನಾನು ಬೈಯುತ್ತಿದ್ದೆ, ಬರೆದಿಡುತ್ತಿದ್ದೆ. ಆದರೆ ಮನಸ್ಸಿನಲ್ಲಿ ಒಂದು ಮಾತು ಖಚಿತವಿತ್ತು: ಬೈಗುಳ ಆಟ, ಚೀಲ ಕೆಲಸ. ಬೈಗುಳವಿಲ್ಲದೆ ರಫೀಕ ಸುಡುವುದಿಲ್ಲ, ಚೀಲವಿಲ್ಲದೆ ಸುಡಬಹುದು. ಇಷ್ಟು ಸರಳ ಲೆಕ್ಕವನ್ನು ಏಳನೆಯ ತರಗತಿಯ ಮಕ್ಕಳೂ ಒಪ್ಪುತ್ತಾರೆ.

ಹುಲಿಹೈದರದಲ್ಲಿ ಅಜ್ಜಿಯ ಮನೆಗೆ ಹೋದಾಗ ಮೊಹರಮ್ಮಿನ ಅಲಾಯಿ ಹಬ್ಬ ನೋಡಿದ್ದೇನೆ. ಕುಣಿ ತೋಡಿ ಬೆಂಕಿ ಮಾಡುತ್ತಾರೆ. ಹಿಂದೂ ಮುಸಲ್ಮಾನ ಎನ್ನದೆ ಊರೆಲ್ಲ ಅದರ ಸುತ್ತ ಹೆಜ್ಜೆ ಹಾಕುತ್ತದೆ. ಚಿಕ್ಕವಳಿದ್ದಾಗ ಬೆಂಕಿಗಿಂತ ಹೆಚ್ಚಾಗಿ ನಾನು ನೋಡುತ್ತಿದ್ದದ್ದು ಕುಣಿಯ ಪಕ್ಕ ನೀರಿನ ಕೊಡ ಇಟ್ಟುಕೊಂಡು ಕೂತ ಒಬ್ಬ ಮುದುಕನನ್ನು. ಅವನು ಹೆಜ್ಜೆ ಹಾಕುತ್ತಿರಲಿಲ್ಲ, ಹಾಡುತ್ತಿರಲಿಲ್ಲ. ಯಾರ ಧೋತರದ ಚುಂಗು ಎಲ್ಲಿ ಜೋತಾಡುತ್ತಿದೆ ಎಂದು ನೋಡುತ್ತ ಕೂತಿರುತ್ತಿದ್ದ. ಪಂಜಿನ ಮೆರವಣಿಗೆಗಳಲ್ಲೂ ಹಾಗೆಯೇ. ಪಂಜು ಹಿಡಿದವನ ಮುಖ ಎಲ್ಲರಿಗೂ ಕಾಣುತ್ತದೆ. ಎಣ್ಣೆಯ ಗಿಂಡಿ ಹಿಡಿದು ಪಕ್ಕದಲ್ಲಿ ನಡೆಯುವವನ ಮುಖಕ್ಕೆ ಪಂಜಿನ ಹೊಗೆ ಬಡಿಯುತ್ತದೆ. ನಮ್ಮ ಗುಡಿಗಳ ಕಲ್ಲಿನಲ್ಲಿ ಕುಣಿಯುವವರನ್ನು, ಬಾರಿಸುವವರನ್ನು, ಕನ್ನಡಿ ನೋಡುವವರನ್ನು ಕೂಡ ಕೆತ್ತಿದ್ದಾರೆ. ನೀರಿನ ಕೊಡದ ಮುದುಕನನ್ನು ಕೆತ್ತಿದ್ದು ನನಗಂತೂ ಎಲ್ಲೂ ಸಿಕ್ಕಿಲ್ಲ. ನಾನು ಹುಡುಕಿದ್ದೇನೆ.

ಇಷ್ಟು ಹೇಳಿದ್ದು ಯಾಕೆಂದರೆ, ಈ ಸಲದ ಮದುವೆಯ ಹಂಗಾಮಿನಲ್ಲಿ ನನಗೆ ಆದ ಅವಮಾನ ಹೊಸದಲ್ಲ, ತಲೆತಲಾಂತರದ್ದು ಎಂದು ತಿಳಿಸಲಿಕ್ಕೆ.

ಗಂಗಾವತಿಯಲ್ಲಿ ಒಂದು ದೊಡ್ಡ ಮನೆತನದ ಮದುವೆ. ಈಗಿನ ಆರತಕ್ಷತೆಗಳಲ್ಲಿ ಮದುಮಕ್ಕಳು ಸುಮ್ಮನೆ ನಡೆದು ಬರುವುದಿಲ್ಲ; ಹೊಗೆಯಿಂದಲೋ ಹೂವಿನ ಮಳೆಯಿಂದಲೋ ಹೊರಬರುತ್ತಾರೆ. ಇವರಿಗೆ ಬೆಂಕಿಯ ನಡುವಿನಿಂದ ಬರುವ ಆಸೆ. ಮದುವೆ ವಹಿಸಿಕೊಂಡ ಇವೆಂಟಿನ ಯುವಕನೊಬ್ಬ ಮಾಳಿಗೆಗೆ ಬಂದ. ಕಿವಿಯಲ್ಲಿ ಸದಾ ಒಂದು ಯಂತ್ರ. ನಮ್ಮೊಡನೆ ಮಾತಾಡುತ್ತಿದ್ದಾನೋ ಇನ್ಯಾರೊಡನೆಯೋ ತಿಳಿಯುತ್ತಿರಲಿಲ್ಲ. ರಫೀಕನ ಆಟ ಅವನಿಗೆ ಬಹಳ ಹಿಡಿಸಿತು. ಇದೊಂದು ಚೆನ್ನಾಗಿ ಆದರೆ ಹಂಗಾಮು ಪೂರ್ತಿ ತನ್ನ ಎಲ್ಲ ಮದುವೆಗಳಿಗೂ ರಫೀಕನೇ ಎಂದು ಮಾತು ಕೊಟ್ಟ. ರಫೀಕನ ಮುಖ ನೋಡಬೇಕಿತ್ತು. ಸೀಟು ಕವರಿನ ಮಿಷನ್ ಮುಂದೆ ಬೆನ್ನು ಬಗ್ಗಿಸಿ ಕೂತವನಿಗೆ, ಬೆಂಕಿಯೇ ಕಸುಬಾಗಬಹುದೆಂದು ಯಾರೋ ಮೊದಲ ಸಲ ಹೇಳಿದ್ದರು.

ಆಮೇಲೆ ಆ ಯುವಕನ ಕಣ್ಣು ನನ್ನ ಚೀಲದ ಮೇಲೆ ಬಿತ್ತು.

"ಮೇಡಂ, ಇದು ಫೋಟೋದಾಗ ಬರ್ತೈತ್ರಿ. ಮದುವಿ ಸ್ಟೇಜಿನ ಬಾಜೂಕ ಗೋಣಿಚೀಲ ಅಂದ್ರ ಹೆಂಗ್ರಿ?"

ಹೇಗೆಂದು ನಾನು ವಿವರಿಸಿದೆ. ಕಿಡಿ, ಬಟ್ಟೆ, ಗಾಳಿ, ಎಲ್ಲ ಹೇಳಿದೆ. ಅವನು ತಾಳ್ಮೆಯಿಂದ ಕೇಳಿ, ಅಷ್ಟು ಬೇಕೇ ಇದ್ದರೆ ಚೀಲಕ್ಕೆ ಬಂಗಾರದ ಬಣ್ಣದ ಸ್ಯಾಟಿನ್ ಬಟ್ಟೆ ಸುತ್ತಿ ಹಿಡಿಯಿರಿ, ಅಲಂಕಾರಕ್ಕೆ ಹೊಂದುತ್ತದೆ ಎಂದ. ಬೆಂಕಿ ಆರಿಸುವ ಚೀಲಕ್ಕೆ ಬೆಂಕಿ ಹತ್ತುವ ಬಟ್ಟೆ. ನಾನು ಚೀಲವನ್ನು ಬೆನ್ನ ಹಿಂದೆ ಹಿಡಿದುಕೊಂಡೆ. ಅದನ್ನೇ ಒಪ್ಪಿಗೆಯೆಂದು ತಿಳಿದು ಅವನು ಕೈಚೀಲದಿಂದ ಒಂದು ಕೋಟು ತೆಗೆದ. ಅದೂ ಬಂಗಾರದ ಬಣ್ಣದ್ದು, ಮಿರಿಮಿರಿ ಮಿಂಚುವಂಥದ್ದು, ಮೊಣಕಾಲಿನವರೆಗಿನದು. ರಫೀಕ ಅದನ್ನು ಹಾಕಿಕೊಂಡು ಆಡಬೇಕಂತೆ.

ಇಲ್ಲಿ ನಿಮಗೆ ಒಂದು ಸಂಗತಿ ತಿಳಿಸಬೇಕು. ಬಟ್ಟೆಯನ್ನು ಬೆಂಕಿಯಿಂದ ಪರೀಕ್ಷೆ ಮಾಡುವುದನ್ನು ನನಗೆ ಕಲಿಸಿದ್ದೇ ರಫೀಕ. ಕುಶನ್ ಅಂಗಡಿಯವರ ವಿದ್ಯೆ ಅದು. ಅಂಚಿನಿಂದ ಒಂದು ದಾರ ಎಳೆದು ಸುಡಬೇಕು. ಬೂದಿಯಾಗಿ ಉದುರಿದರೆ ಹತ್ತಿ. ಕರಗಿ, ಮುದುಡಿ, ಕರಿ ಮಣಿಯಾಗಿ ಗಟ್ಟಿಯಾದರೆ ನೈಲಾನಿನ ಜಾತಿ. ಅದು ಮೈಮೇಲೆ ಹತ್ತಿದರೆ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಆಟದ ದಿನ ತನ್ನ ಕರಿ ಅಂಗಿಯ ದಾರವನ್ನು ಕೂಡ ಅವನು ಒಮ್ಮೆ ಸುಟ್ಟು ನೋಡುತ್ತಿದ್ದ. ಅಂಥವನು ಆ ಕೋಟನ್ನು ಕೈಯಲ್ಲಿ ಹಿಡಿದು, ಬೆರಳಿನಿಂದ ಅಂಚು ತೀಡಿ, "ಛಲೋ ಐತ್ರಿ" ಎಂದ.

ಸ್ಯಾಟಿನ್ ಸುತ್ತದಿದ್ದರೆ ಚೀಲವೇ ಬೇಡ ಎಂದು ಹೇಳಿ ಯುವಕ ಹೋದಮೇಲೆ, ಕೋಟಿನ ದಾರ ಯಾಕೆ ಸುಟ್ಟು ನೋಡಲಿಲ್ಲವೆಂದು ರಫೀಕನನ್ನು ಕೇಳಿದೆ. ಒಂದೇ ಸಲ ತಾನೇ ಎಂದ. ಮುಂದಿನ ಮದುವೆಗಳಲ್ಲಿ ತಾನು ಹೇಳಿದಂತೆ ನಡೆಯುತ್ತದೆ ಎಂದ. ನನ್ನ ಚೀಲದ ಬಗ್ಗೆ ಕೇಳಿದ್ದಕ್ಕೆ, ತಲೆ ತಗ್ಗಿಸಿ, "ನೀ ಊಟಕ್ಕ ಬಾರಲಾ, ದಫೇದಾರ" ಎಂದ.

ಊಟಕ್ಕೆ. ಮೂರು ವರ್ಷ ಅವನ ತೋಳು ಕಾಯ್ದವಳಿಗೆ ಊಟ.

ಅಂದಿನಿಂದ ನಾನು ಅವನೊಡನೆ ಮಾತು ಬಿಟ್ಟೆ. ವೀರೇಶ ಎರಡೂ ಕಡೆಗೆ ಫೋನು ಮಾಡಿ ಸೋತ. ಮದುವೆಯ ದಿನ ಅನ್ನಕ್ಕ ನಮ್ಮ ಮನೆಗೇ ಬಂದರು. ವೇದಿಕೆಯ ಹಿಂದಿನ ಪರದೆಗೆ ಬಣ್ಣ ಹಚ್ಚಿದ್ದು ಅವರೇ, ಹಲಗೆ ವೀರೇಶನದು. "ನಾವೆಲ್ಲ ಹೋಗೂದು, ನೀ ಒಬ್ಬಾಕಿ ಮನ್ಯಾಗ ಗೋಡಿ ನೋಡ್ಕೋತ ಕುಂದರೂದು ಅಂದ್ರೇನು? ಸಿಟ್ಟು ಕೂಡ ಹೊಟ್ಟಿ ತುಂಬಿದ್ರ ಛಲೋ ಬರ್ತೈತಿ, ನಡಿ" ಎಂದರು. ನಾನು ಹೊರಟೆ. ಆಹೇರಿಯ ಉಡುಗೊರೆ ಪೊಟ್ಟಣ ಇಟ್ಟ ಬಟ್ಟೆಯ ಚೀಲದಲ್ಲಿ, ಅದರ ಕೆಳಗೆ, ಗೋಣಿಚೀಲವನ್ನೂ ಮಡಚಿ ಇಟ್ಟುಕೊಂಡಿದ್ದೆ. ಯಾಕೆಂದು ಕೇಳಬೇಡಿ. ಸಿಟ್ಟು ಬಂದಾಗ ಚೀಲ ಮನೆಯಲ್ಲಿ ಬಿಟ್ಟು ಹೋಗಬೇಕೆಂದು ಯಾವ ನಿಯಮದಲ್ಲೂ ಇಲ್ಲ.

ಗಂಗಾವತಿಯಲ್ಲಿ ನಾನು ನೆಟ್ಟಗೆ ಪಂಕ್ತಿಗೆ ಹೋಗಿ ಕೂತೆ. ಸಿಟ್ಟಿನಲ್ಲಿ ಊಟ ಬಿಡುವುದು ನಮ್ಮ ಮನೆತನದಲ್ಲಿಲ್ಲ. ಬಯಲಿನ ಒಂದು ಕಡೆ ವೇದಿಕೆ, ಇನ್ನೊಂದು ಕಡೆ ಊಟ. ಸಂಜೆಯಾಗಿ ದೀಪ ಹತ್ತಿದ್ದವು. ಗೋಧಿ ಹುಗ್ಗಿ ಬಡಿಸಿ ಹೋಗಿದ್ದರು; ತುಪ್ಪದವನಿಗಾಗಿ ಕಾಯುತ್ತಿದ್ದೆ. ಅಷ್ಟರಲ್ಲಿ ಎದುರಿಗೆ ಬಂಗಾರದ ಕೋಟು ಬಂದು ನಿಂತಿತು.

ರಫೀಕ ತಗ್ಗಿದ ದನಿಯಲ್ಲಿ, "ದಫೇದಾರ, ನಿಂದೊಂದು ಉಳದೈತಿ" ಎಂದ.

"ಏನು?"

"ಬೈಗುಳ. ಅವರಿಬ್ಬರದೂ ಆತು. ಮದುಮಕ್ಕಳು ತಯಾರಾಗ್ಯಾರ. ಲಗೂನ ಒಂದು ಬೈದು ಬಿಡು, ಹಚ್ಚತೀನಿ."

ನಾನು ಹುಗ್ಗಿ ಕಲೆಸುತ್ತ ಕೂತೆ. ನನ್ನ ಪಕ್ಕದಲ್ಲಿ ರುಮಾಲು ಸುತ್ತಿದ ಹಿರಿಯರೊಬ್ಬರು ಊಟ ಮಾಡುತ್ತಿದ್ದರು, ಗಂಡಿನ ಕಡೆಯವರಿರಬೇಕು. ಅವರು ನನ್ನನ್ನೂ ಅವನನ್ನೂ ನೋಡಿದರು.

"ಬೈ ಯವ್ವಾ" ಎಂದರು. "ನಿಂತು ಕೇಳಾಕತ್ತಾನ, ಬೈದು ಕಳಸು. ನಮ್ಮನ್ಯಾಗ ಕೇಳದನ ಬೈತಾರ."

ನನಗೆ ನಗು ಬರಲಿಲ್ಲ. ಬಂದಿದ್ದರೂ ತೋರಿಸುತ್ತಿರಲಿಲ್ಲ. "ಆ ಕೋಟಿನ ಒಂದು ದಾರ ಸುಟ್ಟು ತೋರಸು. ಆಮ್ಯಾಗ ಬೈತೀನಿ" ಎಂದೆ.

ಹಿರಿಯರಿಗೆ ಇದು ಮದುವೆಯ ಯಾವುದೋ ಶಾಸ್ತ್ರವೆಂದು ಅನ್ನಿಸಿತೋ ಏನೋ, ಎಡಗೈಯಿಂದ ಕಿಸೆಯೊಳಗಿನ ಕಡ್ಡಿಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟರು. ರಫೀಕ ತೋಳಿನ ಅಂಚಿನಿಂದ ದಾರವೊಂದನ್ನು ಎಳೆದ. ಕಡ್ಡಿ ಗೀರಿದ. ದಾರ ಕ್ಷಣದಲ್ಲಿ ಮುದುಡಿ, ನನ್ನ ಎಲೆಯ ಅಂಚಿನಲ್ಲಿ, ಉಪ್ಪಿನ ಪಕ್ಕದಲ್ಲಿ, ಕರಿ ಮಣಿಯಾಗಿ ಬಿತ್ತು.

"ಗೊತ್ತಿತ್ತು" ಎಂದ ಅವನು.

"ಗೊತ್ತಿದ್ದು ಹಾಕ್ಕೊಂಡಿ?"

"ಪೂರಾ ಹಂಗಾಮು ಕೆಲಸ ಕೊಡ್ತೀನಂದಾರಲಾ."

ತಿಂಗಳಿಗೊಮ್ಮೆ ಸಂಬಳ ಬರುವವಳು ಆ ಮಾತಿಗೆ ಏನೆಂದು ಉತ್ತರ ಕೊಡಬೇಕು? ನನ್ನ ಕೈಯಲ್ಲಿದ್ದದ್ದು ಒಂದು ಬೈಗುಳ ಮಾತ್ರ. ಅದನ್ನು ಬಿಟ್ಟುಕೊಡಬಾರದೆಂದು ನಿಶ್ಚಯಿಸಿದೆ.

"ಕೋಟು ತಗದು ಬಾ. ಆಮ್ಯಾಗ ಬೈತೀನಿ."

ಅವನು ವೇದಿಕೆಯ ಕಡೆ ನೋಡಿದ. ವೀರೇಶ ಹಲಗೆ ಕಾಯಿಸಿಕೊಂಡು ಕಾಯುತ್ತಿದ್ದ. ಇವೆಂಟಿನ ಯುವಕ ಕಿವಿಯ ಯಂತ್ರದೊಳಗೆ ಮಾತಾಡುತ್ತ ನಮ್ಮ ಕಡೆಗೇ ಬರುತ್ತಿದ್ದ. ರಫೀಕ ಗುಂಡಿ ಬಿಚ್ಚತೊಡಗಿದ. ಕೋಟಿನ ಒಳಗೆ ಅದೇ ಹಳೆಯ ಕರಿ ಅಂಗಿ ಇತ್ತು. ಎಡ ತೋಳಿಗೆ ನಾನು ಹಾಕಿಸಿದ ಹೊಲಿಗೆ ಸಮೇತ. ಕೋಟನ್ನು ಎಲ್ಲಿಡುವುದೆಂದು ತಿಳಿಯದೆ ಅವನು ನಿಂತಾಗ, ಹಿರಿಯರು ಅದನ್ನು ಇಸಿದುಕೊಂಡು ತೊಡೆಯ ಮೇಲಿಟ್ಟುಕೊಂಡರು. "ನಾ ನೋಡ್ಕೋತೀನಿ, ಹೋಗ್ರಿ" ಎಂದರು.

ಯುವಕ ಬಂದು ಕೂಗಾಡಿದ್ದನ್ನು ಇಲ್ಲಿ ಬರೆಯುವುದಿಲ್ಲ. ರಫೀಕ ಅವನಿಗೆ ಹೇಳಿದ್ದು ಮಾತ್ರ ಬರೆಯುತ್ತೇನೆ. "ಕೋಟು ಬೇಕಂದ್ರ ಬೆಂಕಿ ಇಲ್ರಿ, ಬೆಂಕಿ ಬೇಕಂದ್ರ ಕೋಟು ಇಲ್ಲ. ಮತ್ತ ಈಕಿ ಚೀಲ ಹಿಡಕೊಂಡು ಬಾಜೂಕ ನಿಂದರತಾಳ." ಅಷ್ಟರಲ್ಲಿ ಮದುಮಕ್ಕಳು ಪರದೆಯ ಹಿಂದೆ ಬಂದು ನಿಂತಿದ್ದರು. ವಾದಕ್ಕೆ ಸಮಯವಿರಲಿಲ್ಲ. ನಾನು ಹುಗ್ಗಿ ಬಿಟ್ಟೆದ್ದು, ಕೈ ತೊಳೆಯುವ ಡ್ರಮ್ಮಿನಲ್ಲಿ ಗೋಣಿಚೀಲ ಮುಳುಗಿಸಿದೆ. ರೇಷ್ಮೆ ಸೀರೆ ಉಟ್ಟ ಹೆಂಗಸರು ದೂರ ಸರಿದರು. ನೀರು ಸೋರುವ ಚೀಲ ಹಿಡಿದು ನಾನು ಓಡುವಾಗ ರಫೀಕ ಪಕ್ಕದಲ್ಲೇ ಓಡುತ್ತ, "ಬೈ" ಎಂದ. ಏದುಸಿರಿನಲ್ಲಿ ಹೊಸ ಬೈಗುಳ ಎಲ್ಲಿಂದ ಬರಬೇಕು? "ಉದ್ರಿ ಬರ್ಕೋ" ಎಂದೆ. ಅವನು ಒಂದು ಕ್ಷಣ ನಿಂತು ಯೋಚಿಸಿದ. ಬೈಗುಳವನ್ನು ಹೀಗೆ ಸಾಲ ಹೇಳಲು ನಮ್ಮಲ್ಲಿ ಅವಕಾಶವಿದೆಯೋ ಇಲ್ಲವೋ ಎಂದು ಇರಬೇಕು. ಆಮೇಲೆ ಕಡ್ಡಿ ಗೀರಿದ.

ಆಟ ಬಹಳ ಚೆನ್ನಾಗಿತ್ತಂತೆ. ಬೆಂಕಿಯ ಎರಡು ಬಳೆಗಳು ಒಂದರೊಳಗೊಂದು ಸೇರಿ ಬಾಗಿಲಿನಂತಾದವಂತೆ. ಅದರ ಹಿಂದಿನಿಂದ ಮದುಮಕ್ಕಳು ನಡೆದು ಬಂದರಂತೆ. ಹುಡುಗಿಯ ತಾಯಿ ಅತ್ತರಂತೆ. ಅನ್ನಕ್ಕ ಹೇಳಿದ್ದು. ನನ್ನ ದಿನಚರಿಯಲ್ಲಿ ಇರುವುದು: "ಗಾಳಿ ಇಲ್ಲ. ಎಡ ತೋಳು ಸರಿ. ಬಲ ತೋಳು ಸರಿ. ಕೂದಲು ಕತ್ತರಿಸಿಕೊಳ್ಳಬೇಕು."

ಏನೂ ಆಗಲಿಲ್ಲ. ಒಂದು ಕಿಡಿ ಸಹ ಅವನ ಮೇಲೆ ಬೀಳಲಿಲ್ಲ. ನನ್ನ ಸಿಟ್ಟು ಮತ್ತೆ ಏರಿದ್ದು ಇಲ್ಲಿಯೇ. ಎಲ್ಲ ಮುಗಿದಮೇಲೆ ಇವೆಂಟಿನ ಯುವಕ ನನ್ನ ಹತ್ತಿರ ಬಂದು, ಸಮಾಧಾನದಿಂದಲೇ ಹೇಳಿದ: "ನೋಡಿದ್ರ್ಯಾ ಮೇಡಂ, ಏನೂ ಆಗ್ಲಿಲ್ಲ. ಸುಮ್ ಸುಮ್ನ ಹೆದರತೀರಿ." ಈ ಮಾತಿನ ಲೆಕ್ಕ ನೋಡಿ. ನನ್ನ ಕೆಲಸ ಸರಿಯಾಗಿ ನಡೆದರೆ ಏನೂ ಆಗುವುದಿಲ್ಲ. ಏನೂ ಆಗದಿದ್ದರೆ ನಾನು ಬೇಕಿರಲಿಲ್ಲವೆಂದು ಆಗುತ್ತದೆ. ನಾನು ಬೇಕಿತ್ತೆಂದು ತೋರಿಸಬೇಕಾದರೆ ರಫೀಕ ಹತ್ತಿ ಉರಿಯಬೇಕು. ನೀರಿನ ಕೊಡದ ಮುದುಕನನ್ನು ಯಾಕೆ ಕಲ್ಲಿನಲ್ಲಿ ಕೆತ್ತಲಿಲ್ಲವೆಂದು ಆಗ ನನಗೆ ತಿಳಿಯಿತು. ಏನೂ ಆಗದ್ದನ್ನು ಕೆತ್ತುವುದು ಹೇಗೆ?

ಮದುವೆಯ ಫೋಟೋ ಬಂತು. ನನ್ನನ್ನು ಕತ್ತರಿಸಿ ತೆಗೆದಿದ್ದಾರೆ. ಆದರೆ ಅಂಚಿನಲ್ಲಿ ಚೀಲದ ಒಂದು ಮೂಲೆ ಉಳಿದುಬಿಟ್ಟಿದೆ. ರಫೀಕನ ಕಾಲಿನ ಬಳಿ ಏನೋ ಕಂದು ಪ್ರಾಣಿ ಮಲಗಿದಂತೆ ಕಾಣುತ್ತದೆ. ಇವೆಂಟಿನವರು ಆಮೇಲೆ ರಫೀಕನನ್ನು ಕರೆಯಲಿಲ್ಲ. ಹಂಗಾಮು ಮುಗಿಯುತ್ತ ಬಂತು. ಅವನು ಮಾಮಾನ ಅಂಗಡಿಯಲ್ಲಿ ಸೀಟು ಹೊಲಿಯುತ್ತಿದ್ದಾನೆ. ಅದರ ಬಗ್ಗೆ ನನ್ನೊಡನೆ ಒಂದು ಮಾತೂ ಆಡಿಲ್ಲ. ಆಡಿದ್ದರೆ ಜಗಳವಾಡಬಹುದಿತ್ತು, ಆ ಸೌಕರ್ಯವನ್ನೂ ಅವನು ನನಗೆ ಕೊಡಲಿಲ್ಲ.

ಇಷ್ಟಾದರೂ ನನಗೆ ನಿಜವಾಗಿ ಅರಗದಿರುವ ಸಂಗತಿ ಬೇರೆಯೇ ಇದೆ. ಚೀಲವನ್ನು ಅವನು ಒಂದು ಸಂಜೆಯಲ್ಲಿ ಬಿಟ್ಟುಕೊಟ್ಟ. ಕಾರಣ, ಪರೀಕ್ಷೆ, ವಿವರಣೆ ಎಲ್ಲ ಇದ್ದ ಚೀಲ. ಯಾರೋ ಕಿವಿಗೆ ಯಂತ್ರ ಹಾಕಿಕೊಂಡವನು ಬೇಡವೆಂದ. ಇವನು ಆಗಲಿ ಎಂದ. ಬೈಗುಳವನ್ನು ಮಾತ್ರ ಬಿಡಲಾರದೆ ಹೋದ. ಯಾವ ಕಾರಣವೂ ಇಲ್ಲದ, ತುಕ್ಕು ಹಿಡಿದ ಕೊಂಡಿಯಿಂದ ಹುಟ್ಟಿದ, ನಾನು ಹುಚ್ಚಾಟವೆಂದು ನಕ್ಕ ಬೈಗುಳ. ಮದುಮಕ್ಕಳು ಕಾಯುತ್ತಿರುವಾಗ, ನಾನು ಮಾತು ಬಿಟ್ಟಿರುವಾಗ, ಪಂಕ್ತಿಯಲ್ಲಿ ನನ್ನನ್ನು ಹುಡುಕಿಕೊಂಡು ಬಂದು ನಿಂತ. ಏಳನೆಯ ತರಗತಿಯ ಲೆಕ್ಕ ಎಲ್ಲಿ ತಪ್ಪಿತು? ಚೀಲ ನಿಯಮವಾಗಿತ್ತು, ನಿಯಮವನ್ನು ಮುರಿದರೆ ದಫೇದಾರ ಸಿಟ್ಟಾಗುತ್ತಾಳೆ, ಅಷ್ಟೇ. ಬೈಗುಳಕ್ಕೆ ಮೂರು ಜನ ಬೇಕು. ಅದರಲ್ಲಿ ಒಬ್ಬರು ಕಡಿಮೆಯಾದರೆ ಕಡ್ಡಿ ಗೀರಲು ಅವನ ಕೈ ಬರುವುದಿಲ್ಲ. ಇಷ್ಟು ದಿನ ಅವನನ್ನು ನನ್ನ ಚೀಲ ಕಾಯುತ್ತಿದೆ ಎಂದುಕೊಂಡಿದ್ದೆ. ಕಾಯ್ದದ್ದು ಮೊಂಬತ್ತಿಯಂಥ ಬೈಗುಳ; ಅದನ್ನು ಕೇಳಲು ಬಂದದ್ದಕ್ಕೇ ಆ ಕೋಟು ಮೈಯಿಂದ ಇಳಿಯಿತು. ಇದು ಕೂಡ ನನಗೆ ಅವಮಾನವೇ. ದಾಖಲಿಸಿದ್ದೇನೆ.

ಈಗ ಮಾಳಿಗೆಯ ಮೇಲೆ ಬೆಂಕಿ ಇಲ್ಲ. ಪ್ರತಿ ಭಾನುವಾರ ರಫೀಕ ಬರುತ್ತಾನೆ, ಮಿರ್ಚಿ ತಿನ್ನುತ್ತಾನೆ, ಸರಪಳಿಗಳನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಾನೆ. ವೀರೇಶ ಹಲಗೆ ಕಾಯಿಸಿದರೂ ಏಳುವುದಿಲ್ಲ. ಹೋದ ವಾರ ಅನ್ನಕ್ಕ ಕಾರಣ ಕೇಳಿದರು. ಅವನು ನನ್ನ ಕಡೆ ಬೆರಳು ಮಾಡಿದ.

"ಈಕಿದು ಒಂದು ಉದ್ರಿ ಐತ್ರಿ ಅಕ್ಕಾ. ಅದು ತೀರೋತನಕ ನಾ ಕಡ್ಡಿ ಗೀರಾಂಗಿಲ್ಲ."

ಅಲ್ಲೇ ಬೈದುಬಿಡಬಹುದಿತ್ತು. ಬಾಯಿಗೆ ಬಂದದ್ದೆಲ್ಲ ಹಳೆಯವೇ. ಮನೆಗೆ ಬಂದು, ಹೊಸದೊಂದು ವಾಕ್ಯ ಬರೆಯೋಣವೆಂದು ಕೂತೆ. ಬಿಟ್ಟ ಚೀಲ ನೆನಪಾಯಿತು, ಬಿಟ್ಟ ಹುಗ್ಗಿ ನೆನಪಾಯಿತು, ಕೋಟಿನ ಒಳಗೆ ಅವನು ಹಾಕಿಕೊಂಡು ಬಂದಿದ್ದ ಹತ್ತಿ ಅಂಗಿ ನೆನಪಾಯಿತು. ಬೈಗುಳ ಹೊಸದಿರಬೇಕೆಂಬ ನಿಯಮ ಪಾಲಿಸಿದ್ದೇನೆ. ಒಂದೇ ವಾಕ್ಯದಲ್ಲಿ ಮುಗಿಸುವ ನಿಯಮ ಮಾತ್ರ ನಡೆಯಲಿಲ್ಲ. ರಫೀಕ, ಮೇಲಿನ ಮೊದಲ ಸಾಲಿನಿಂದ ಇಲ್ಲಿಯವರೆಗೆ ಎಲ್ಲವೂ ನಿನಗೇ. ಉದ್ರಿ ತೀರಿತು. ಭಾನುವಾರ ಕಡ್ಡಿಪೆಟ್ಟಿಗೆ ತಾ. ಚೀಲ ನೆನೆಸಿ ತರುತ್ತೇನೆ.